ಮುಟ್ಟುವಲ್ಲಿ ಮುಟ್ಟೋದಿಲ್ಲ, ಸುಮ್ಮನಿರುವಲ್ಲಿ ಸುಮ್ಮನಿರೋದಿಲ್ಲ



ಪ್ರವಾಸದ ಲೇಖನ ಅಂದರೆ ನಮ್ಮ ಗೋಡೆ ಪತ್ರಿಕೆಯಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆವು, ಎಲ್ಲಿ ಚಹಾ ಕುಡಿದೆವು, ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು ಎಂಬುದೇ ಹೆಚ್ಚಾಗಿ ಇರುತ್ತದೆ. ನಾನು ಅದನ್ನು ಬರೆಯುವುದಿಲ್ಲ. ಬೇಸಿಗೆ ಸೂಟಿಯಲ್ಲಿ ಅಪ್ಪ, ಅವ್ವ, ಆಯಿ, ತಂಗಿ ಮತ್ತು ನಾನು ಬೆಂಗಳೂರಿಗೆ ಕಾಕಾನ ಮನೆಗೆ ಹೋಗಿದ್ದೆವು. ಒಂದು ದಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಮರುದಿನ ಬನ್ನೇರುಘಟ್ಟದ ಪ್ರಾಣಿ ಸಂಗ್ರಹಾಲಯ ನೋಡಿದೆವು. ಎರಡನ್ನೂ ಒಂದರ ಬೆನ್ನಿಗೆ ಒಂದು ನೋಡಿದ್ದರಿಂದ ನನಗೆ ಒಂದು ವಿಚಾರ ಬಂತು. ಮುಟ್ಟಿ ನೋಡ್ರಿ ಅಂತ ಇಟ್ಟ ಕಡೆ ನಮ್ಮ ಜನ ಮುಟ್ಟೋದಿಲ್ಲ. ಸುಮ್ಮನ ನಿಂತು ನೋಡ್ರಿ ಅಂತ ಹೇಳಿದ ಕಡೆ ಸುಮ್ಮನ ನಿಂದ್ರೋದಿಲ್ಲ. ಪೂರಾ ಉಲ್ಟಾ! ಈ ವರ್ಷ ನಮ್ಮ ಶಾಲೆಯ ಪ್ರವಾಸದ ಮಾತು ನಡೆದಿರುವುದರಿಂದ ಇದನ್ನು ಈಗಲೇ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ವಿಜ್ಞಾನದ ಮ್ಯೂಸಿಯಂ ವಿಷಯ. ಅದು ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಕಸ್ತೂರಬಾ ರಸ್ತೆಯಲ್ಲಿ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಇಟ್ಟಿದ್ದಾರೆ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜುಲೈ ತಿಂಗಳಲ್ಲಿ ಪ್ರಧಾನಿ ನೆಹರೂ ಅವರು ಈ ಕಟ್ಟಡವನ್ನು ಉದ್ಘಾಟಿಸಿದರು. ಜನ ನೋಡಲು ಮೊದಲನೆಯ ವಿಭಾಗ ತೆರೆದದ್ದು 1965ರಲ್ಲಿ, ಅದು ವಿದ್ಯುತ್ತಿನ ವಿಭಾಗ. ಹೊರಗಡೆ ಅಂಗಳದಲ್ಲಿಯೇ ಉಗಿಬಂಡಿಯ ಇಂಜಿನ್ ಮತ್ತು ಮಾರುತ್ ಎಂಬ ಯುದ್ಧವಿಮಾನ ನಿಲ್ಲಿಸಿದ್ದಾರೆ. ಮಾರುತ್ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗಿ 1961ರಲ್ಲಿ ಮೊದಲ ಸಲ ಹಾರಿದ್ದು. ಒಳಗೆ ರೈಟ್ ಸಹೋದರರ ವಿಮಾನದ ಮಾದರಿ ಇದೆ, ಆಟಿಕೆಯಷ್ಟು ಸಣ್ಣದಲ್ಲ, ಖರೇ ವಿಮಾನ ಎಷ್ಟು ದೊಡ್ಡದೋ ಅಷ್ಟೇ. ಅವರು 1903ರಲ್ಲಿ ಮೊದಲ ಸಲ ಹಾರಿದಾಗ ಗಾಳಿಯಲ್ಲಿ ಇದ್ದದ್ದು 12 ಸೆಕೆಂಡು, ಹೋದದ್ದು 120 ಅಡಿ. ನಾವು ಕೊಕ್ಕೋ ಆಟದಾಗ ಒಂದು ಸಲಕ್ಕ ಇದಕ್ಕಿಂತ ದೂರ ಓಡತೀವಿ ಅಂತ ತಂಗಿ ಅಂದಳು. ಆದರೆ ನಾವು ನೆಲದ ಮೇಲೆ ಓಡತೀವಿ.

ಅಲ್ಲಿ ಬಹಳ ಸಾಮಾನುಗಳನ್ನು ಗುಂಡಿ ಒತ್ತಿ, ಹಿಡಿಕೆ ತಿರುವಿ, ಹಗ್ಗ ಜಗ್ಗಿ ನೋಡಬೇಕು. ಇಂಜಿನ್‌ಗಳನ್ನು ಹೊಟ್ಟೆ ಸೀಳಿದ ಹಾಗೆ ಕೊಯ್ದು ಇಟ್ಟಿರುವುದರಿಂದ ಒಳಗಿನ ಪಿಸ್ಟನ್ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಆದರೆ ನಾನು ಕಂಡದ್ದೇನು? ಎಷ್ಟೋ ಮಂದಿ ಹಿರಿಯರು ಮಕ್ಕಳ ಕೈ ಹಿಡಿದುಕೊಂಡು, "ಏ, ಮುಟ್ಟಬ್ಯಾಡ, ಮುರಿತೈತಿ, ದಂಡ ಹಾಕ್ತಾರ" ಎಂದು ಎಳೆದುಕೊಂಡು ಹೋಗುತ್ತಿದ್ದರು. ನಮ್ಮ ಅವ್ವನೂ ಮೊದಲು ಹಾಗೆಯೇ ಅಂದಳು. ಕೊನೆಗೆ ಅಲ್ಲಿಯ ಸಿಬ್ಬಂದಿಯೊಬ್ಬರೇ, "ಮುಟ್ಲಿ ಬಿಡಮ್ಮ, ಮುಟ್ಟೋಕೇ ಇಟ್ಟಿರೋದು" ಎಂದರು. ಆಮೇಲೆ ಅವ್ವ ನಮಗಿಂತ ಮುಂದೆ ಹೋಗಿ ತಿರುವತೊಡಗಿದಳು!

ಮುಟ್ಟುವುದರಿಂದ ಏನು ಲಾಭ ಅಂತ ಕೇಳಬಹುದು. ಗಡಗಡಿಯ ಉದಾಹರಣೆ ಕೊಡುತ್ತೇನೆ. ಕುರ್ಚಿಯಲ್ಲಿ ಕುಳಿತು ಹಗ್ಗ ಜಗ್ಗಿದರೆ ನಮ್ಮನ್ನು ನಾವೇ ಮೇಲೆ ಎತ್ತಿಕೊಳ್ಳಬಹುದು. ನಮ್ಮ ಬಾವಿಯ ಗಡಗಡಿ ಒಂದೇ ಇರುತ್ತದೆ, ಅದು ಇದ್ದಲ್ಲೇ ತಿರುಗುತ್ತದೆ. ಅದರಿಂದ ಕೊಡದ ಭಾರ ಕಡಿಮೆ ಆಗುವುದಿಲ್ಲ, ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಜಗ್ಗಬಹುದು, ಅಷ್ಟೇ ಅನುಕೂಲ. ಆದರೆ ಭಾರದ ಜೊತೆಗೇ ಮೇಲೇರುವ ಇನ್ನೊಂದು ಗಡಗಡಿ ಸೇರಿಸಿದರೆ ಅರ್ಧ ಬಲ ಸಾಕು. ಹಾಗಾದರೆ ಪುಕ್ಕಟೆ ಸಿಕ್ಕಿತೇ? ಇಲ್ಲ. ಹಗ್ಗವನ್ನು ಎರಡರಷ್ಟು ಜಗ್ಗಬೇಕು. ಇದು ಪುಸ್ತಕದಲ್ಲಿಯೂ ಇದೆ, ನಾನು ಓದಿ ಬಾಯಿಪಾಠ ಮಾಡಿದ್ದೆ. ಆದರೆ ಹಗ್ಗ ಕೈಯಾಗ ಹಿಡಿದಾಗ, ಇಷ್ಟೊಂದು ಹಗ್ಗ ಜಗ್ಗಿದರೂ ಕುರ್ಚಿ ಇಷ್ಟೇ ಏರಿತಲ್ಲ ಅಂತ ತೋಳಿಗೇ ತಿಳಿಯಿತು. ತೋಳಿಗೆ ತಿಳಿದದ್ದು ಪರೀಕ್ಷೆ ಆದ ಮೇಲೂ ಮರೆಯೋದಿಲ್ಲ.

ಹಾಗಂತ ಮುಟ್ಟುವವರೆಲ್ಲ ಜಾಣರು ಅಂತ ನಾನು ಹೇಳುವುದಿಲ್ಲ. ಇನ್ನೊಂದು ಥರದ ಹುಡುಗರು ಇದ್ದರು. ಅವರು ಗುಂಡಿ ಒತ್ತೋದು, ಓಡೋದು, ಮುಂದಿನ ಗುಂಡಿ ಒತ್ತೋದು, ಓಡೋದು. ಹಿಂದೆ ದೀಪ ಹತ್ತಿತೋ, ಚಕ್ರ ತಿರುಗಿತೋ ತಿರುಗಿ ಸಹ ನೋಡುವುದಿಲ್ಲ. ಗೋಡೆಯ ಮೇಲಿನ ಫಲಕ ಓದುವವರಂತೂ ನೂರಕ್ಕೆ ಹತ್ತು ಮಂದಿ ಇಲ್ಲ. (ಇದು ನಾನು ಎಣಿಸಿದ್ದಲ್ಲ, ಅಂದಾಜು.) ಇಂಥವರ ತಲೆಯಲ್ಲಿ ಒಂದು ಅಭ್ಯಾಸ ಕೂತಿರುತ್ತದೆ. ನಾನು ಒತ್ತಿದರೆ ಅದು ಕುಣಿಯಬೇಕು. ಮ್ಯೂಸಿಯಂನಲ್ಲಿ ಈ ಅಭ್ಯಾಸದಿಂದ ಅವರಿಗೇ ನಷ್ಟ. ಆದರೆ ಮರುದಿನ ಪ್ರಾಣಿಗಳ ಮುಂದೆ ಇದೇ ಅಭ್ಯಾಸ ಕಂಡಾಗ ನನಗೆ ಭಾಳ ಕೆಟ್ಟ ಅನಿಸಿತು.

ಬನ್ನೇರುಘಟ್ಟ ಬೆಂಗಳೂರು ಪೇಟೆಯಿಂದ ಸುಮಾರು 22 ಕಿಲೋಮೀಟರು. ಮಂಗಳವಾರ ರಜೆ ಇರುತ್ತದೆ, ಹೋಗುವವರು ನೆನಪಿಡಬೇಕು. ಅಲ್ಲಿ ಹುಲಿ ನೆರಳಿನಲ್ಲಿ ಮಲಗಿತ್ತು. ಸುತ್ತ ನಿಂತ ಜನ ಏನು ಮಾಡಿದರು? ಒಬ್ಬರು ಸಿಳ್ಳೆ ಹೊಡೆದರು. ಇನ್ನೊಬ್ಬರು ಚಪ್ಪಾಳೆ ತಟ್ಟಿ "ಏಳೋ ಏಳೋ" ಎಂದು ಕೂಗಿದರು. ಒಬ್ಬ ದೊಡ್ಡ ಮನುಷ್ಯ, ಪ್ಯಾಂಟು ಬೂಟು ಹಾಕಿಕೊಂಡವರು, ತಮ್ಮ ಮಗನಿಗೆ ಸಣ್ಣ ಹರಳು ಹುಡುಕಿ ಕೊಡುತ್ತಿದ್ದರು. ಕಾವಲುಗಾರರು ಸೀಟಿ ಊದಿ ಬೈದರು, ಅದಕ್ಕೇ ಬಿಟ್ಟರು. ಹಿಂದಿನ ದಿನ "ಮುಟ್ಟಬ್ಯಾಡ" ಅಂದವರ ಥರದವರೇ ಇಲ್ಲಿ "ಒಗಿ, ಒಗಿ" ಅನ್ನುತ್ತಾರೆ. ಹುಲಿಯನ್ನು ಅವರು ಗುಂಡಿ ಇರುವ ಯಂತ್ರ ಅಂತ ತಿಳಿದಿದ್ದಾರೆ. ಒತ್ತಿದರೂ ಕುಣಿಯಲಿಲ್ಲ, ಆದ್ದರಿಂದ ಯಂತ್ರ ಕೆಟ್ಟೈತಿ ಅಂತ ಅವರ ತಿಳುವಳಿಕೆ.

"ಚೀಟಿ ತಗೊಂಡು ಬಂದೇವಿ, ಹುಲಿ ಮಲಗಿದ್ರ ಹೆಂಗ?" ಎಂದು ಕೇಳುವವರಿಗೆ ನನ್ನ ಉತ್ತರ ಇದು. ಹುಲಿ, ಸಿಂಹ ಹೆಚ್ಚಾಗಿ ಸಂಜೆ, ರಾತ್ರಿ, ನಸುಕಿನಲ್ಲಿ ಬೇಟೆ ಆಡುವ ಪ್ರಾಣಿಗಳು. ಸಿಂಹ ದಿನಕ್ಕೆ 20 ಗಂಟೆಯವರೆಗೂ ಮಲಗಿ ಕಳೆಯುತ್ತದೆ. ನಡುಮಧ್ಯಾಹ್ನ ಬಿಸಿಲಿನಲ್ಲಿ ಅದು ಮಲಗಿರುವುದೇ ಸರಿ, ಎದ್ದು ಅಲೆದಾಡಿದರೆ ಏನೋ ತೊಂದರೆ ಆಗೇತಿ ಅಂತ ತಿಳಿಯಬೇಕು. ನಮ್ಮ ಊರಾಗ ಎಮ್ಮೆ ಕೂತು ಮೆಲುಕು ಹಾಕುವಾಗ ಯಾರಾದರೂ ಕಟ್ಟಿಗೆಯಿಂದ ತಿವಿದರೆ ಹಿರಿಯರು ಸುಮ್ಮನ ಬಿಡತಾರೇನು? "ಹಾಲು ಬತ್ತೀತು, ಬಿಡೋ" ಅಂತ ಗದರಿಸುತ್ತಾರೆ. ಮನೆಯ ಎಮ್ಮೆಗೆ ಒಂದು ನ್ಯಾಯ, ಕಾಡಿನ ಹುಲಿಗೆ ಇನ್ನೊಂದು ನ್ಯಾಯ ಯಾಕ?

ಹಾವಿನ ಗಾಜಿನ ಮುಂದೆಯೂ ಅದೇ ಕಥೆ. ಎಲ್ಲರೂ ಗಾಜು ಬಡಿಯುವವರೇ. ಹಾವಿಗೆ ಹೊರಗಿವಿ ಇಲ್ಲ. ಆದ್ದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಅದು ನೆಲದ ಕಂಪನವನ್ನು ದವಡೆಯ ಎಲುಬಿನಿಂದ ಹಿಡಿದು ಒಳಗಿವಿಗೆ ಮುಟ್ಟಿಸುತ್ತದೆ. ಶಬ್ದ ಅಂದರೆ ಕಂಪನ ಎಂದು ನಾವೇ ಕಲಿತಿದ್ದೇವೆ. ಅಂದಮೇಲೆ ಗಾಜಿಗೆ ಹೊಡೆದ ಪೆಟ್ಟು ಹಾವಿಗೆ ಹೊಡೆದ ಹಾಗೆಯೇ. ದಿನಕ್ಕೆ ಸಾವಿರ ಮಂದಿ ನಮ್ಮ ಮನೆಯ ಬಾಗಿಲು ಬಡಿದು ಬಡಿದು ಓಡಿಹೋದರೆ ನಮಗೆ ಹೇಗಿರುತ್ತದೆ?

ತಿನ್ನಿಸುವ ವಿಷಯ ಇನ್ನೂ ಕೆಟ್ಟದ್ದು. ಜಿಂಕೆಗೆ ಚುರುಮರಿ, ಮಂಗಗಳಿಗೆ ಬಿಸ್ಕೀಟು. ಕೊಡುವವರಿಗೆ ಪುಣ್ಯ ಬಂತು ಅಂತ ಖುಷಿ. ಜಿಂಕೆಗೂ ಆಕಳ ಹಾಗೆ ನಾಲ್ಕು ಭಾಗದ ಹೊಟ್ಟೆ ಇರುತ್ತದೆ. ಚುರುಮರಿಯ ಜೊತೆಗೆ ಪ್ಲಾಸ್ಟಿಕ್ ಚೀಲ ಹೋದರೆ ಅದು ಮೊದಲನೆಯ ಭಾಗದಲ್ಲಿಯೇ ಉಳಿದುಬಿಡುತ್ತದೆ. ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ಕಸದ ಗುಂಡಿಯ ಹತ್ತಿರ ನಿಂತ ದನಗಳನ್ನು ನಾವೆಲ್ಲ ನೋಡಿದ್ದೇವೆ, ಹೊಟ್ಟೆ ತುಂಬಿದ ಹಾಗೆ ಕಂಡರೂ ಮೈಯೆಲ್ಲ ಎಲುಬು. ಚಿಟ್ಟೆಯ ಮಾತೂ ಹೇಳಬೇಕು. ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆಗಳ ಉದ್ಯಾನ ತೆರೆದರು, ದೇಶದಲ್ಲಿ ಅದೇ ಮೊದಲನೆಯದಂತೆ. ಚಿಟ್ಟೆ ಹಿಡಿದರೆ ಬೆರಳಿಗೆ ಹತ್ತುವ ಪುಡಿ ಬಣ್ಣ ಅಲ್ಲ, ಅದರ ರೆಕ್ಕೆಯ ಹುರುಪೆ. ಉದುರಿದ ಹುರುಪೆ ಮತ್ತೆ ಬೆಳೆಯುವುದಿಲ್ಲ. ಇಲ್ಲಿ ನಮ್ಮ ಹೊಲದ ಬದುವಿನಲ್ಲಿ ಚಿಟ್ಟೆಗೆ ದಾರ ಕಟ್ಟಿ ಆಡುವವರೂ ಇದನ್ನು ಓದಲಿ.

ಇದಕ್ಕೆಲ್ಲ ಕಾನೂನು ಇಲ್ಲವೇ? ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿ ಮಾಡಿ ಒಂದು ಕಲಮು ಸೇರಿಸಿದರು. ಮೃಗಾಲಯದಲ್ಲಿ ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು, ತಿನ್ನಿಸುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ಕಸ ಒಗೆಯುವುದು ಇವೆಲ್ಲ ಅಪರಾಧ. ಅಂದರೆ ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಈ ನಿಯಮ ಇದೆ. ಗೊತ್ತಿರುವವರು ಎಷ್ಟು ಮಂದಿ?

ಈಗ ಕರಡಿಯ ವಿಷಯ. ಸಫಾರಿ ಬಸ್ಸಿನ ಜಾಲರಿಯಿಂದ ಕರಡಿ ಕಂಡಾಗ ಎಲ್ಲರೂ ಚೀರಿದರು, ನಮ್ಮ ಆಯಿ ಮಾತ್ರ ಸುಮ್ಮನಾದಳು. ಆಮೇಲೆ ಹೇಳಿದಳು. ಅವಳು ಸಣ್ಣವಳಿದ್ದಾಗ ಊರಿಗೆ ಕರಡಿ ಆಡಿಸುವವರು ಬರುತ್ತಿದ್ದರಂತೆ. ಡಮರು ಬಾರಿಸಿದ ಕೂಡಲೇ ಮಕ್ಕಳೆಲ್ಲ ಓಡುತ್ತಿದ್ದರು. ಅಂಜಿಕೆ ಹೋಗಲಿ ಅಂತ ಆಯಿಯನ್ನು ಕರಡಿಯ ಬೆನ್ನ ಮೇಲೆ ಕೂಡಿಸಿದ್ದರು, ಕರಡಿ ಕೂದಲಿನ ತಾಯಿತ ಕಟ್ಟಿದ್ದರು. ಅದು ಎರಡು ಕಾಲಿನ ಮೇಲೆ ಎದ್ದು ಕುಣಿಯುತ್ತಿತ್ತು. "ಆಗ ನಮಗೇನು ಗೊತ್ತವ್ವಾ, ಅದು ಖುಷಿಯಿಂದ ಕುಣಿತೈತಿ ಅಂತ ತಿಳಿದಿದ್ವಿ" ಎಂದಳು.

ಅದು ಖುಷಿಯ ಕುಣಿತ ಅಲ್ಲ. ಮರಿ ಇದ್ದಾಗಲೇ ತಾಯಿಯಿಂದ ಕಿತ್ತು ತಂದು, ಕಾಯಿಸಿದ ಸೂಜಿಯಿಂದ ಮೂತಿಗೆ ತೂತು ಮಾಡಿ ಹಗ್ಗ ಹಾಕುತ್ತಿದ್ದರು, ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ಆಗುವ ನೋವಿಗೆ ಅದು ಮೇಲೆ ಏಳುತ್ತಿತ್ತು. ಅಂದರೆ ಜೀವ ಇರುವ ಕರಡಿಗೆ ಮನುಷ್ಯರೇ ಒಂದು ಗುಂಡಿ ಕೂಡಿಸಿದ್ದರು! ಇಂಥ ಕರಡಿಗಳನ್ನು ಬಿಡಿಸಿ ಇಡಲು ವೈಲ್ಡ್‌ಲೈಫ್ ಎಸ್ಓಎಸ್ ಎಂಬ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಬನ್ನೇರುಘಟ್ಟದಲ್ಲಿ 2005ರಲ್ಲಿ ಕರಡಿ ಕೇಂದ್ರ ಶುರು ಮಾಡಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯನ್ನು ಅಲ್ಲಿಗೆ ತಂದು ಹಗ್ಗ ಬಿಚ್ಚಿದರು. ದೇಶದಲ್ಲಿ ಬೀದಿಯಲ್ಲಿ ಕುಣಿಯುತ್ತಿದ್ದ ಕರಡಿಗಳಲ್ಲಿ ಅದೇ ಕೊನೆಯದು ಎಂದು ಹೇಳುತ್ತಾರೆ. ಕರಡಿ ಆಡಿಸುತ್ತಿದ್ದ ಕಲಂದರ್ ಜನರೂ ಬಡವರೇ, ಅವರ ಹೊಟ್ಟೆಯೂ ಅದರ ಮೇಲೆಯೇ ಇತ್ತು. ಅವರಿಗೆ ಬೇರೆ ದಂಧೆ ಹಿಡಿಯಲು ಹಣ ಕೊಟ್ಟು, ಮಕ್ಕಳನ್ನು ಶಾಲೆಗೆ ಕಳಿಸಲು ಸಹಾಯ ಮಾಡಿದರು. ಬರೀ ಬೈದು ಕರಡಿ ಕಸಿದುಕೊಂಡಿದ್ದರೆ ಈ ಕೆಲಸ ಆಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಆಡಿಸುವುದನ್ನು 1998ರಲ್ಲಿ ಸರಕಾರ ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಸ್ಸಿನಿಂದ ಬಂದ ಎಷ್ಟೋ ಸಿಂಹ, ಹುಲಿಗಳಿಗೂ ಬನ್ನೇರುಘಟ್ಟವೇ ಮನೆ ಆಯಿತು.

"ಹಾಗಾದರೆ ಮೃಗಾಲಯವೇ ಯಾಕ ಬೇಕು, ಎಲ್ಲಾನೂ ಕಾಡಿಗೆ ಬಿಡ್ರಿ" ಎಂದು ನನ್ನ ಗೆಳೆಯರು ವಾದ ಮಾಡಿದರು. ಪಂಜರ ಕಂಡರೆ ನನಗೂ ಕಸಿವಿಸಿ ಆಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಹಲ್ಲು ಮುರಿದ ಕರಡಿ, ಸರ್ಕಸ್ಸಿನಲ್ಲಿ ಹುಟ್ಟಿದ ಸಿಂಹ ಕಾಡಿನಾಗ ಎಷ್ಟು ದಿನ ಬದುಕೀತು? ಅವಕ್ಕೆ ಹೋಗಾಕ ಜಾಗ ಇಲ್ಲ. ಕಾಡಿನಲ್ಲಿ ಇರುವುದು ಕಾಡಿನಲ್ಲೇ ಇರಲಿ. ಹೊಸಪೇಟೆಯ ಕಡೆ ದರೋಜಿಯಲ್ಲಿ 1994ರಲ್ಲಿಯೇ ಕರಡಿಧಾಮ ಮಾಡಿದ್ದಾರೆ, ಅಲ್ಲಿ ಕರಡಿ ಕಲ್ಲುಬಂಡೆಗಳ ನಡುವೆ ತನ್ನ ಪಾಡಿಗೆ ತಾನು ಇರುತ್ತದೆ. ಆದರೆ ಒಮ್ಮೆ ಮನುಷ್ಯ ಹಾಳು ಮಾಡಿದ ಪ್ರಾಣಿಯನ್ನು ಸಾಕುವುದೂ ಮನುಷ್ಯನ ಕೆಲಸವೇ. ಅಂಥಾ ಕಡೆ ಹೋಗಿ ಮತ್ತೆ ಅದನ್ನು "ಕುಣಿ" ಅನ್ನುವುದು ಮಾತ್ರ ನನಗೆ ಸೇರುವುದಿಲ್ಲ.

ಸುಮ್ಮನೆ ನಿಂತರೆ ಏನು ಕಾಣುತ್ತದೆ ಅಂತ ಕೇಳುವವರಿಗಾಗಿ ನೀರಾನೆಯ ಸಂಗತಿ ಹೇಳುತ್ತೇನೆ. ನೀರಿನ ಹೊಂಡದ ಮುಂದೆ ಬಂದವರೆಲ್ಲ ಒಂದು ಕ್ಷಣ ನೋಡಿ, "ಏನೂ ಇಲ್ಲ, ಬರೇ ನೀರು" ಎಂದು ಹೋಗುತ್ತಿದ್ದರು. ನಾನೂ ತಂಗಿಯೂ ಅಪ್ಪನ ಗಡಿಯಾರ ಇಸಿದುಕೊಂಡು ಕಟ್ಟೆಯ ಹತ್ತಿರ ನಿಂತೆವು. ಮೊದಲು ಎರಡು ಗುಳ್ಳೆ ಬಂದವು. ಆಮೇಲೆ ಎರಡು ಕಿವಿ, ಎರಡು ಮೂಗಿನ ಹೊಳ್ಳೆ. ಹೊಳ್ಳೆ ತೆರೆದು ಬುಸ್ ಅಂತ ಉಸಿರು ಬಿಟ್ಟು ಮತ್ತೆ ಮುಚ್ಚಿಕೊಂಡು ಮುಳುಗಿತು. ಎಣಿಸಿದೆವು. ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮತ್ತೆ ಬಂತು. ಅದು ನಿದ್ದೆಯಲ್ಲಿದ್ದರೂ ಎಚ್ಚರ ಆಗದೆಯೇ ಹೀಗೆ ಮೇಲೆ ಬಂದು ಉಸಿರಾಡಿ ಹೋಗುತ್ತದಂತೆ. ಕಿವಿ, ಕಣ್ಣು, ಮೂಗು ಮೂರೂ ತಲೆಯ ಮೇಲ್ಭಾಗದಲ್ಲೇ ಇರುವುದು ಯಾಕೆ ಎಂದು ಅಲ್ಲಿ ನಿಂತಾಗ ತಾನಾಗಿಯೇ ತಿಳಿಯಿತು. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ಹಿಂದೆ ಬಂದು "ಬರೇ ನೀರು" ಅಂದವರನ್ನು ತಂಗಿ ಎಣಿಸಿದಳು. 31 ಮಂದಿ.

ಇನ್ನು ನಮ್ಮ ಶಾಲೆಯ ಪ್ರವಾಸ. ಬೆಂಗಳೂರು ದೂರ, ಖರ್ಚು ಜಾಸ್ತಿ, ಎಲ್ಲರ ಮನೆಯಲ್ಲಿ ಅಷ್ಟು ರೊಕ್ಕ ಕೊಡುವುದಿಲ್ಲ. ಕೊಡುವವರು ಅಷ್ಟೇ ಹೋಗಿ ಉಳಿದವರು ಮನೆಯಲ್ಲಿ ಕೂಡುವುದು ನನಗೆ ಇಷ್ಟ ಇಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದೊಳಗೆ 2012ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಆಗಿದೆ. ಅದೂ ಮುಟ್ಟಿ, ತಿರುವಿ ನೋಡುವಂಥದ್ದೇ. ಹುಬ್ಬಳ್ಳಿಯಿಂದ ಧಾರವಾಡ 20 ಕಿಲೋಮೀಟರು, 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನಾಗ ಹೋಗಬಹುದು. (ಬಸ್ಸಿನ ಮೇಲೆ ಚಿಗರಿ ಹೆಸರು ದಿನಾ ನೋಡತೀವಿ, ಖರೇ ಚಿಗರಿ ನೋಡಿದವರು ನಮ್ಮ ವರ್ಗದಾಗ ಎಷ್ಟು ಮಂದಿ? ಅದಕ್ಕಾಗಿ ರಾಣೆಬೆನ್ನೂರಿನ ಧಾಮಕ್ಕ ಇನ್ನೊಂದು ಸಲ ಹೋಗಬೇಕು.) ಪ್ರಾಣಿ ನೋಡಲು ಗದಗ ರಸ್ತೆಯಲ್ಲಿ ಬಿಂಕದಕಟ್ಟಿಯ ಮೃಗಾಲಯ ಇದೆ. ಎರಡನ್ನೂ ಒಂದೇ ದಿನಕ್ಕೆ ಗಡಿಬಿಡಿಯಿಂದ ಮುಗಿಸಬಾರದು, ಬೇರೆ ಬೇರೆ ದಿನ ಇಟ್ಟುಕೊಳ್ಳಬೇಕು.

ಗುರುಗಳಲ್ಲಿ ಒಂದು ವಿನಂತಿ. ವಿಜ್ಞಾನ ಕೇಂದ್ರದಲ್ಲಿ "ಸಾಲಾಗಿ ನಡೀರಿ, ಕೈ ಕಟ್ರಿ" ಅನ್ನಬೇಡಿರಿ. ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರಯೋಗ ಹಂಚಿರಿ. ಅವರು ಫಲಕ ಓದಿ, ಕೈಯಿಂದ ಮಾಡಿ, ಉಳಿದವರಿಗೆ ಅಲ್ಲೇ ತಿಳಿಸಿ ಹೇಳಲಿ. ಮೃಗಾಲಯದಲ್ಲಿ ಮಾತ್ರ ನೀವು ಎಷ್ಟು ಬೇಕಾದರೂ ಸಿಟ್ಟು ಮಾಡಬಹುದು. ತಿನ್ನುವ ಸಾಮಾನೆಲ್ಲ ಬಸ್ಸಿನಲ್ಲಿಯೇ ಇರಲಿ. ಒಬ್ಬೊಬ್ಬರೂ ಒಂದೇ ಪ್ರಾಣಿಯ ಮುಂದೆ ಹದಿನೈದು ನಿಮಿಷ ಬಾಯಿ ಮುಚ್ಚಿ ನಿಂತು, ಅದು ಏನೇನು ಮಾಡಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮಲಗಿದ್ದರೆ ಹೇಗೆ ಮಲಗಿತ್ತು, ಕಿವಿ ಆಡಿಸಿತೇ, ಬಾಲ ಆಡಿಸಿತೇ ಅಂತ ಬರೆಯಲಿ. ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ಅವನ್ನೇ ಹಚ್ಚಬಹುದು.

ನನ್ನ ಮಾತು ತಪ್ಪು ಅನಿಸಿದವರು, ಬೆಂಗಳೂರಿಗೇ ಹೋಗಬೇಕು ಅನ್ನುವವರು, ಮೃಗಾಲಯವೇ ಬೇಡ ಅನ್ನುವವರು ಹಿಂದಿನಿಂದ ಜಗಳ ಮಾಡದೆ ಒಂದು ಹಾಳಿಯ ಮೇಲೆ ದುಂಡಗೆ ಬರೆದು ಶನಿವಾರದೊಳಗೆ ಸಂಪಾದಕರ ಕೈಯಲ್ಲಿ ಕೊಡಿರಿ.

– ಏಳನೆಯ ತರಗತಿ, ಗೋಪನಕೊಪ್ಪ